ಡಾಂಬರಿನಡಿ ಹತ್ತಿ ಬರುವ ನೀರು

ಆಗುಂಬೆಯ ಕಡೆ ರಸ್ತೆ ಹಾಳಾದರೆ ಯಾರೂ ಕಾರಣ ಹುಡುಕುವುದಿಲ್ಲ. ಮಳೆಯ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಯಲಿನಲ್ಲಿ ಹಾಗೆ ಹೇಳಿ ನುಣುಚಿಕೊಳ್ಳುವಂತಿಲ್ಲ. ಅದು ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ. ವಾಲ್ಪಾರೈಯಂಥ ಬೆಟ್ಟದ ಭಾಗ ಬಿಟ್ಟರೆ ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಮಿಕ್ಕ ತಿಂಗಳುಗಳಲ್ಲಿ ಬಿಸಿಲು, ಜೊತೆಗೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗಿ ಬರುವ ಗಾಳಿ. ಇಂಥ ಒಣ ಸೀಮೆಯಲ್ಲೂ ಎರೆಹೊಲ ಹಾಯ್ದು ಹೋಗುವ ರಸ್ತೆಗಳ ಅಂಚು ಕುಸಿಯುತ್ತದೆ, ಲಾರಿಯ ಚಕ್ರ ಉರುಳುವ ಜಾಡಿನಲ್ಲಿ ಬಲೆ ನೇಯ್ದಂತೆ ಬಿರುಕು ಬಿಡುತ್ತದೆ. ಮಳೆ ನಿಂತು ಎಷ್ಟೋ ದಿನ ಕಳೆದ ಮೇಲೂ ಆ ಬಿರುಕುಗಳ ಬಾಯಲ್ಲಿ ಪಸೆ ಆರಿರುವುದಿಲ್ಲ. ಆ ಪಸೆಯ ಮೂಲವನ್ನು ಆಕಾಶದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಕೆಳಗಿನಿಂದ, ಪಕ್ಕದಿಂದ, ಇಂಚಿಂಚಾಗಿ ಹತ್ತಿ ಬಂದ ನೀರು.

ಹತ್ತುವುದು ಹೇಗೆಂದು ತಿಳಿಯಲು ರಸ್ತೆಯ ಒಳಗು ನೋಡಬೇಕು. ಕಣ್ಣಿಗೆ ಕಾಣುವ ಡಾಂಬರು ಕೆಲವೇ ಇಂಚು ದಪ್ಪ. ಅದರಡಿ ಜಲ್ಲಿಗೆ ಕಲ್ಲುಪುಡಿ ಬೆರೆಸಿ ರೋಲರ್ ಓಡಿಸಿದ ತಳಪದರ, ಅದರಡಿ ಒರಟು ಜಲ್ಲಿಯ ಇನ್ನೊಂದು ಪದರ, ಕೊನೆಗೆ ದಮ್ಮಸ್ಸು ಮಾಡಿದ ಮಣ್ಣು. ಹಿಂದೆಲ್ಲ ತಳಪದರಕ್ಕೆ ನೀರು ಕಲಸಿದ ಜಲ್ಲಿಯೇ ಸಾಕಾಗಿತ್ತು. ಗುತ್ತಿಗೆದಾರರು ಅದನ್ನು ವೆಟ್ ಮಿಕ್ಸ್ ಎನ್ನುತ್ತಾರೆ. ಈಗ ಅದೇ ಮಿಶ್ರಣಕ್ಕೆ ತೂಕದಲ್ಲಿ ನೂರಕ್ಕೆ ಮೂರೋ ಐದೋ ಪಾಲು ಸಿಮೆಂಟ್ ಸೇರಿಸಿ ಗಟ್ಟಿ ಮಾಡುವುದು ರೂಢಿಗೆ ಬರುತ್ತಿದೆ. ವಿದ್ಯೆಯೇನೂ ಹೊಸದಲ್ಲ. ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಜಾನ್ಸನ್‌ವಿಲ್ ಬಳಿ 1935ರಲ್ಲೇ ಲೆಕ್ಕಾಚಾರ ಹಾಕಿ ಮಣ್ಣಿಗೆ ಸಿಮೆಂಟ್ ಬೆರೆಸಿ ರಸ್ತೆ ಮಾಡಿದ್ದರು. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:37 ಎಂಬ ಮಾರ್ಗಸೂಚಿಯ 2012ರ ಆವೃತ್ತಿ ಇದಕ್ಕೆ ವಿಶಾಲವಾಗಿ ಬಾಗಿಲು ತೆರೆಯಿತು, 2018ರ ಆವೃತ್ತಿ ಇನ್ನಷ್ಟು ವಿವರಿಸಿತು. ಸಿಮೆಂಟ್ ಬೆರೆತ ತಳಪದರ ಏಳು ದಿನಕ್ಕೆ 4.5ರಿಂದ 7 ಮೆಗಾಪಾಸ್ಕಲ್ ಒತ್ತಡ ತಾಳಬೇಕು ಎಂಬುದು ಅದರ ಮುಖ್ಯ ಷರತ್ತು.

ಈ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಕಾರಣಂಪೇಟೆ, ಪಲ್ಲಡಂ ಸುತ್ತ ಎಷ್ಟು ಕಲ್ಲುಕ್ವಾರಿ, ಎಷ್ಟು ಕ್ರಷರ್ ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಗುಡ್ಡ ಕರಗಿ ಗುಂಡಿಯಾಗುತ್ತಿರುವ ಊರುಗಳವು. ಸಿಮೆಂಟ್ ಬೆರೆಸಿದರೆ ಪದರ ತೆಳುವಾದರೂ ಸಾಕು, ಜಲ್ಲಿ ಉಳಿಯುತ್ತದೆ. ಹಳೇ ರಸ್ತೆಯ ಜಲ್ಲಿಯನ್ನೇ ಕೆದರಿ ಮತ್ತೆ ಬಳಸಬಹುದು. ಸಿಮೆಂಟಿಗೂ ದೂರ ಹೋಗಬೇಕಿಲ್ಲ, ಕೊಯಮತ್ತೂರಿನ ಮಗ್ಗುಲಿನ ಮದುಕ್ಕರೈಯಲ್ಲಿ ಸ್ವಾತಂತ್ರ್ಯಕ್ಕೂ ಮುಂಚಿನಿಂದ ಸಿಮೆಂಟ್ ಕಾರ್ಖಾನೆಯಿದೆ. ನನ್ನ ತಕರಾರು ಬೇರೆ. ಸಿಮೆಂಟ್ ಬಿತ್ತೆಂದರೆ ಇನ್ನು ನೀರಿನ ಭಯವಿಲ್ಲ ಎಂಬ ನಂಬಿಕೆ ಇದೆಯಲ್ಲ, ಅದು ಪೊಳ್ಳು. ಏಳು ದಿನದ ಒತ್ತಡ ಪರೀಕ್ಷೆ ಆ ಪದರ ಎಷ್ಟು ಭಾರ ಹೊರುತ್ತದೆ ಎಂದು ಹೇಳುತ್ತದೆ. ಎಷ್ಟು ನೀರು ಕುಡಿಯುತ್ತದೆ ಎಂದು ಹೇಳುವುದಿಲ್ಲ.

ಸಿಮೆಂಟ್ ಬೆರೆತ ಪದರದೊಳಗೆ ಕಣ್ಣಿಗೆ ಕಾಣದ ಸಂದುಗಳು ತುಂಬಿವೆ. ಮನೆ ಕಟ್ಟುವ ಕಾಂಕ್ರೀಟಿಗಿಂತ ಇಲ್ಲಿ ಸಿಮೆಂಟು ತೀರಾ ಕಡಿಮೆ. ಜಲ್ಲಿ, ಪುಡಿಗಳ ಕಣಗಳನ್ನು ಅಲ್ಲಲ್ಲಿ ಹಿಡಿದು ಬೆಸೆಯುವಷ್ಟಿದೆಯೇ ಹೊರತು ಸಂದುಗಳನ್ನೆಲ್ಲ ಮುಚ್ಚುವಷ್ಟಿಲ್ಲ. ಕಿರಿದಾದ ಸಂದಿನಲ್ಲಿ ನೀರು ಗೋಡೆಗೆ ಅಂಟಿಕೊಂಡು, ಮೇಲ್ಮೈ ಸೆಳೆತದ ಬಲದಿಂದ ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳುತ್ತದೆ. ಎಷ್ಟು ಮೇಲಕ್ಕೆ? ಇಂಗ್ಲೆಂಡಿನ ವೈದ್ಯ ಜೇಮ್ಸ್ ಜೂರಿನ್ 1718ರಲ್ಲಿ ಕೊಟ್ಟ ನಿಯಮ ಇಂದಿಗೂ ಚಾಲ್ತಿಯಲ್ಲಿದೆ: ನಳಿಗೆ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ನಳಿಗೆಯಲ್ಲಿ ನೀರು ಏರುವುದು ಸುಮಾರು 15 ಮಿಲಿಮೀಟರ್. ತ್ರಿಜ್ಯ ಅದರ ಹತ್ತರಲ್ಲಿ ಒಂದಾದರೆ 15 ಸೆಂಟಿಮೀಟರ್. ನೂರರಲ್ಲಿ ಒಂದಾದರೆ ಒಂದೂವರೆ ಮೀಟರ್. ತಳಪದರದ ಸಂದುಗಳು ಅದಕ್ಕಿಂತಲೂ ಸೂಕ್ಷ್ಮ. ರಸ್ತೆಯ ಒಟ್ಟು ದಪ್ಪವೇ ಒಂದು ಮೀಟರಿನೊಳಗೆ ಇರುವಾಗ, ತಳ ಒದ್ದೆಯಾದರೆ ಆ ಒದ್ದೆ ಡಾಂಬರಿನ ಬುಡ ಮುಟ್ಟುವುದಕ್ಕೆ ಎತ್ತರದ ಅಡ್ಡಿಯೇ ಇಲ್ಲ.

ಇಲ್ಲೊಂದು ವಿಚಿತ್ರವಿದೆ, ಎಂಜಿನಿಯರಿಂಗ್ ಓದಿದವರೂ ಎಷ್ಟೋ ಸಲ ಇಲ್ಲಿ ಎಡವುತ್ತಾರೆ. ಸಿಮೆಂಟ್ ಹೆಚ್ಚು ಹಾಕಿದರೆ ಸಂದುಗಳು ಇನ್ನೂ ಕಿರಿದಾಗುತ್ತವೆ. ಜೂರಿನ್ ಲೆಕ್ಕದ ಪ್ರಕಾರ ನೀರು ಆಗ ಇನ್ನೂ ಎತ್ತರಕ್ಕೆ ಏರಬೇಕು. ನಿಜ, ಸೆಳೆತ ಹೆಚ್ಚುತ್ತದೆ. ಆದರೆ ದಾರಿ ಇಕ್ಕಟ್ಟಾದಷ್ಟೂ ಏರುವ ವೇಗ ತಗ್ಗುತ್ತದೆ. ಲ್ಯೂಕಾಸ್ 1918ರಲ್ಲೂ ವಾಶ್‌ಬರ್ನ್ 1921ರಲ್ಲೂ ತೋರಿಸಿಕೊಟ್ಟ ಹಾಗೆ, ಮೊದಮೊದಲು ನೀರು ಏರುವ ಎತ್ತರ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಗಂಟೆಯಲ್ಲಿ ಎರಡು ಸೆಂಟಿಮೀಟರ್ ಹತ್ತಿದ ನೀರಿಗೆ ನಾಲ್ಕು ಸೆಂಟಿಮೀಟರ್ ತಲುಪಲು ನಾಲ್ಕು ಗಂಟೆ ಬೇಕು, ಎಂಟು ಸೆಂಟಿಮೀಟರ್‌ಗೆ ಹದಿನಾರು ಗಂಟೆ. ಹಾಗಾಗಿ ಒಳ್ಳೆಯ ಸಿಮೆಂಟ್ ಪದರ ನೀರನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ. ಒದ್ದೆಯ ಕಾಲ ಚಿಕ್ಕದಾಗಿದ್ದರೆ ಆ ವಿಳಂಬವೇ ರಸ್ತೆಯನ್ನು ಕಾಯುತ್ತದೆ: ನೀರು ಮೇಲೆ ಮುಟ್ಟುವಷ್ಟರಲ್ಲಿ ಕೆಳಗೆ ಆರಿರುತ್ತದೆ. ಪಕ್ಕದಲ್ಲಿ ತಿಂಗಳುಗಟ್ಟಲೆ ನೀರು ನಿಂತಿದ್ದರೆ ಎಂಥ ಸಿಮೆಂಟೂ ಕೊನೆಗೆ ನೆನೆಯುತ್ತದೆ.

ಇದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಬಹುದು. 1990ರ ದಶಕದಲ್ಲಿ ಫಿನ್ಲೆಂಡಿನ ರಸ್ತೆ ಇಲಾಖೆ ಹಾಗೂ ಅಮೆರಿಕದ ಟೆಕ್ಸಾಸ್ ಸಾರಿಗೆ ಸಂಶೋಧನಾ ಸಂಸ್ಥೆಯವರು ಸೇರಿ ರೂಪಿಸಿದ ಟ್ಯೂಬ್ ಸಕ್ಷನ್ ಪರೀಕ್ಷೆಗೆ ಭಾರೀ ಯಂತ್ರವೇನೂ ಬೇಡ. ತಳಪದರದ ಮಿಶ್ರಣವನ್ನು ಉರುಳೆಯಾಕಾರದ ಅಚ್ಚಿನಲ್ಲಿ ಬಡಿದು, ಹದಕ್ಕೆ ಬಿಟ್ಟು, ಮಂದ ಶಾಖದ ಒಲೆಯಲ್ಲಿ ಒಣಗಿಸುತ್ತಾರೆ. ಆಮೇಲೆ ಅದನ್ನು ಬೆರಳಗಲ ನೀರಿರುವ ತಟ್ಟೆಯಲ್ಲಿ ನಿಲ್ಲಿಸುತ್ತಾರೆ, ಅಷ್ಟೆ. ಮೇಲಿಂದ ಒಂದು ಹನಿಯೂ ಬೀಳುವುದಿಲ್ಲ. ಸ್ವಲ್ಪ ಹೊತ್ತಿಗೆ ಬುಡದಲ್ಲಿ ಕಪ್ಪು ಪಟ್ಟಿ ಕಾಣಿಸುತ್ತದೆ, ಏರುತ್ತದೆ, ಏರುತ್ತ ನಿಧಾನವಾಗುತ್ತದೆ. ಹತ್ತು ದಿನ ಉರುಳೆಯ ನೆತ್ತಿಗೆ ಒಂದು ಸಂವೇದಕ ಒತ್ತಿ ಅಳೆಯುತ್ತಾರೆ. ಅದು ಅಳೆಯುವುದು ವಿದ್ಯುತ್ ಗುಣವೊಂದನ್ನು: ಒಣ ಕಲ್ಲಿಗೆ ಅದರ ಬೆಲೆ ಐದರ ಆಸುಪಾಸು, ನೀರಿಗೆ 80. ಹಾಗಾಗಿ ಕಣಗಳಿಗೆ ಅಂಟದೆ ಬಿಡಿಯಾಗಿರುವ ನೀರು ನೆತ್ತಿಗೆ ಎಷ್ಟು ಬಂದಿದೆ ಎಂಬುದು ಆ ಅಂಕಿಯಲ್ಲೇ ಗೊತ್ತಾಗುತ್ತದೆ. ಹತ್ತು ದಿನ ಕಳೆದರೂ ಬೆಲೆ 10ರ ಒಳಗಿದ್ದರೆ ಸಾಮಗ್ರಿ ಒಳ್ಳೆಯದು, 16 ದಾಟಿದರೆ ನಂಬುವಂತಿಲ್ಲ. ಒತ್ತಡ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದ ಎರಡು ಮಿಶ್ರಣಗಳು ಇಲ್ಲಿ ಬೇರೆ ಬೇರೆ ಫಲಿತಾಂಶ ಕೊಡಬಲ್ಲವು. ಜಲ್ಲಿಯಲ್ಲಿರುವ ಜೇಡಿಯಂಥ ನುಣುಪು ಪುಡಿ ಎಷ್ಟು, ಎಂಥದ್ದು ಎಂಬುದರ ಮೇಲೆ ಅದು ನಿಂತಿದೆ.

ಇನ್ನು ಕೊಂಗುನಾಡಿನ, ಅಂದರೆ ಈ ಕೊಯಮತ್ತೂರು–ತಿರುಪ್ಪೂರು ಸೀಮೆಯ, ಒಣ ಬಯಲಿನಲ್ಲಿ ರಸ್ತೆಯ ಬುಡಕ್ಕೆ ಅಷ್ಟು ನೀರು ಬರುವುದೆಲ್ಲಿಂದ ಎಂಬ ಪ್ರಶ್ನೆ. ಮಳೆ ಕಡಿಮೆಯಾದ ಊರಿನಲ್ಲೇ ನೀರನ್ನು ಹೆಚ್ಚು ಸಾಗಿಸುತ್ತಾರೆ. ಪರಂಬಿಕುಳಂ–ಆಳಿಯಾರ್ ಯೋಜನೆಯ ನೀರು ಉಡುಮಲೈಪೇಟೆ ಬಳಿಯ ತಿರುಮೂರ್ತಿ ಅಣೆಕಟ್ಟೆಯಿಂದ ಸರದಿಯ ಮೇಲೆ ಪಲ್ಲಡಂವರೆಗೂ ಹರಿಯುತ್ತದೆ. ಕಾಂಗೇಯಂ ಕಡೆಗೆ ಕೆಳಭವಾನಿ ಕಾಲುವೆಯಿದೆ. ನೊಯ್ಯಲ್ ನದಿಗೆ ಹೆಣೆದ ಹಳೆಯ ಕೆರೆಗಳು ಉಕ್ಕಡಂ, ಸಿಂಗನಲ್ಲೂರು, ಸೂಲೂರಿನಲ್ಲಿ ರಸ್ತೆಯ ಮಗ್ಗುಲಿಗೇ ಬಂದಿವೆ. ತೆಂಗಿನ ತೋಟದ ನೀರು ರಸ್ತೆಯ ಬದುವಿಗೆ ಬಂದು ನಿಲ್ಲುತ್ತದೆ. ಪೇಟೆಯೊಳಗೆ ಸಿರುವಾಣಿ, ಪಿಲ್ಲೂರಿನ ನೀರಿನ ಕೊಳವೆ, ಒಳಚರಂಡಿ; ಇವುಗಳ ಸೋರಿಕೆಗೆ ಋತುಮಾನವಿಲ್ಲ. ಆಗುಂಬೆಯ ನೀರು ಇಳಿಜಾರಿನಲ್ಲಿ ಓಡಿಹೋಗುತ್ತದೆ. ಇಲ್ಲಿನ ಸಮತಟ್ಟಿನಲ್ಲಿ ಅದು ಕೂತುಬಿಡುತ್ತದೆ.

ಅದು ಕೂರುವ ಮಣ್ಣೂ ಎಂಥದ್ದು ನೋಡಿ. ಈ ಎರಡು ಜಿಲ್ಲೆಗಳ ಮಣ್ಣುಗಳಿಗೆ ಮಣ್ಣುವಿಜ್ಞಾನಿಗಳು ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಇರುಗೂರು ಎಂದರೆ ಕೆಮ್ಮಣ್ಣು, ಪೆರಿಯನಾಯಕ್ಕನ್‌ಪಾಳ್ಯಂ ಎಂದರೆ ಸುಣ್ಣದ ಅಂಶವಿರುವ ಎರೆಮಣ್ಣು. ಹತ್ತಿ ಬೆಳೆಸಿ, ಗಿರಣಿ ತರಿಸಿ, ಕೊಯಮತ್ತೂರಿಗೆ ದಕ್ಷಿಣದ ಮ್ಯಾಂಚೆಸ್ಟರ್ ಎಂಬ ಹೆಸರು ತಂದದ್ದರಲ್ಲಿ ಆ ಎರೆಯ ಪಾಲು ದೊಡ್ಡದು. ಅದೇ ಎರೆ ರಸ್ತೆಯವರಿಗೆ ದೊಡ್ಡ ತಲೆನೋವು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಸಂದುಗಳು ಅತಿ ಸೂಕ್ಷ್ಮವಾದ್ದರಿಂದ ನೀರನ್ನು ಹಿಡಿದಿಡುವ ಬಲವೂ ಅಪಾರ.

ಬಯಲು ಹೊಲದಲ್ಲಿ ಕೆಳಗಿನ ತೇವ ಮೇಲೆ ಬಂದು ಆವಿಯಾಗಿ ಹೋಗುತ್ತದೆ. ಅದರ ಮೇಲೆ ಡಾಂಬರು ಹಾಸಿದ ದಿನದಿಂದ ಆ ದಾರಿ ಬಹುತೇಕ ಮುಚ್ಚಿತು. ತೇವ ಬರುವುದು ನಿಲ್ಲಲಿಲ್ಲ, ಹೋಗುವುದಷ್ಟೇ ಬಹುಮಟ್ಟಿಗೆ ನಿಂತಿತು. ಹೀಗೆ ರಸ್ತೆಯ ನಡುಭಾಗದ ಮಣ್ಣು ವರ್ಷ ಎರಡು ವರ್ಷದಲ್ಲಿ ಒಂದು ಸ್ಥಿರವಾದ ತೇವಕ್ಕೆ ಬಂದು ನಿಲ್ಲುತ್ತದೆ. ಅಂಚಿನ ಒಂದು ಮೀಟರ್ ಮಾತ್ರ ಪ್ರತಿ ಹಿಂಗಾರಿಗೆ ನೆನೆದು ಪ್ರತಿ ಬೇಸಿಗೆಗೆ ಒಣಗುತ್ತದೆ. ನಡು ಅಲ್ಲಾಡದೆ ಅಂಚು ಏರಿಳಿದರೆ ಬಿರುಕು ರಸ್ತೆಯ ಉದ್ದಕ್ಕೇ ಬೀಳುತ್ತದೆ. ಎರೆಸೀಮೆಯ ರಸ್ತೆಗಳಲ್ಲಿ ಅಂಚಿಗೆ ಸಮಾನಾಂತರವಾಗಿ ಓಡುವ ಆ ಗೆರೆಯ ಹುಟ್ಟು ಇದು.

ನೆಲದಿಂದ ಏರುವ ಈ ತೇವದ ಗುಟ್ಟು ಇಲ್ಲಿಯ ನೇಕಾರರಿಗೆ ಹಿಂದಿನಿಂದಲೂ ಗೊತ್ತಿತ್ತು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡವಾಡುವ ದೇವಾಂಗ ಕುಟುಂಬಗಳಿವೆ. ಗುಂಡಿಮಗ್ಗದಲ್ಲಿ ನೇಯುವವರು ನೆಲ ತೋಡಿ, ಕಾಲು ಗುಂಡಿಯೊಳಗೆ ಇಳಿಬಿಟ್ಟು ಕೂರುತ್ತಾರೆ. ಗುಂಡಿಯ ಮಣ್ಣಿನಿಂದ ಏಳುವ ತಂಪು ನೂಲಿಗೆ ಹದ ಕೊಡುತ್ತದೆ, ಒಣಗಾಳಿಯಲ್ಲಿ ಎಳೆ ಪಟಪಟನೆ ಕಡಿಯುವುದು ತಪ್ಪುತ್ತದೆ. ಒಣ ಸೀಮೆಯ ನೆಲದೊಳಗೂ ಸದಾ ತೇವವಿದೆ, ಅದು ಮೇಲಕ್ಕೆ ಬರುತ್ತಲೇ ಇರುತ್ತದೆ ಎಂಬುದನ್ನು ನಂಬಿಯೇ ಆ ಕಸುಬು ನಡೆದಿದೆ. ಡಾಂಬರು ಹಾಸುವಾಗ ಆ ಮಾತು ನಮಗೆ ಮರೆತುಹೋಗುತ್ತದೆ.

ನೀರು ತಳಪದರಕ್ಕೆ ಬಂದು ಸೇರಿದರೆ ಆಗುವುದೇನು? ಸುಮ್ಮನೆ ನಿಂತಿದ್ದರೆ ಹೆಚ್ಚೇನೂ ಆಗುವುದಿಲ್ಲ. ಅದರ ಮೇಲೆ ಲಾರಿ ಬಂದಾಗ ಕೇಡು ಶುರು. ಸಿಮೆಂಟ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಅಲ್ಲಲ್ಲಿ ಅಡ್ಡ ಬಿರುಕು ಬಿಡುವುದು ಅದರ ಸ್ವಭಾವ. ಕೊಂಗುನಾಡಿನಲ್ಲಿ ಇದಕ್ಕೆ ಗಾಳಿಯೂ ಕೈಜೋಡಿಸುತ್ತದೆ. ಸಿಮೆಂಟ್ ಕಲಸಿದ ಎರಡು ಗಂಟೆಯೊಳಗೆ ಹಾಸಿ, ರೋಲರ್ ಹಾಯಿಸಿ ಮುಗಿಸಬೇಕು. ಆಮೇಲೆ ಏಳು ದಿನ ಒಣಗದಂತೆ ಕಾಯಬೇಕು. ಪಲ್ಲಡಂ, ಉಡುಮಲೈಪೇಟೆಯ ಗಾಳಿಯಂತ್ರಗಳನ್ನು ತಿರುಗಿಸುವ ಮೇ–ಸೆಪ್ಟೆಂಬರ್ ತಿಂಗಳ ಗಾಳಿ ಹಸಿ ಪದರದ ನೀರನ್ನು ನೋಡನೋಡುತ್ತಲೇ ಹೀರಿಬಿಡುತ್ತದೆ. ದಿನಕ್ಕೆರಡು ಸಲ ಟ್ಯಾಂಕರ್ ನೀರು ಚಿಮುಕಿಸಿದರೆ ಅಲ್ಲಿ ಸಾಲದು. ಬಿರುಕು ಬೇಗ ಬೀಳುತ್ತದೆ, ಅಗಲವಾಗಿ ಬೀಳುತ್ತದೆ.

ಆ ಬಿರುಕಿಗೆ ಕೆಳಗಿನ ತೇವವೂ ಮೇಲಿನ ಮಳೆಯೂ ಸೇರಿ ನೀರು ತುಂಬಿದಾಗ ಚಕ್ರದ ಭಾರ ಬಿದ್ದರೆ, ನೀರು ಒತ್ತಡದಿಂದ ಬಿರುಕಿನುದ್ದಕ್ಕೂ ಚಿಮ್ಮುತ್ತದೆ. ಚಿಮ್ಮುವಾಗ ನುಣುಪು ಪುಡಿಯನ್ನು ಎಳೆದುಕೊಂಡು ಬರುತ್ತದೆ. ಡಾಂಬರಿನ ಬಿರುಕಿನ ಸುತ್ತ ಒಣಗಿದ ಬೂದು ಕಲೆ ಕಂಡರೆ ತಳಪದರದ ಪುಡಿ ಹೊರಬಿದ್ದಿದೆ ಎಂದೇ ಅರ್ಥ. ಪ್ರತಿ ಲಾರಿಗೂ ಇಷ್ಟಿಷ್ಟು. ಕೊನೆಗೆ ಅಡಿಯಲ್ಲಿ ಟೊಳ್ಳಾಗುತ್ತದೆ, ಮೇಲೆ ಗುಂಡಿ ಬೀಳುತ್ತದೆ. ಇಷ್ಟರಲ್ಲಿ ಡಾಂಬರಿನ ಬುಡದಲ್ಲಿ ನಿಂತ ನೀರು ಕಲ್ಲಿನಿಂದ ಡಾಂಬರನ್ನು ಬಿಡಿಸುತ್ತಲೂ ಇರುತ್ತದೆ.

ಭಾರದ ವಿಷಯದಲ್ಲಿ ಸಿಮೆಂಟ್ ಪದರ ಕ್ಷಮಿಸುವ ಜಾತಿಯದಲ್ಲ. ಐಆರ್‌ಸಿ:37ರ ದಣಿವಿನ ಸೂತ್ರದಲ್ಲಿ ಘಾತಾಂಕ 12. ಅಂದರೆ ಅಚ್ಚಿನ ಭಾರ ನೂರಕ್ಕೆ ಹತ್ತು ಹೆಚ್ಚಾದರೆ ಪದರದ ಸವೆತ ಮೂರು ಪಟ್ಟಾಗುತ್ತದೆ. ಕ್ರಷರ್ ಜಲ್ಲಿಯ ಟಿಪ್ಪರ್, ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರ್ ಓಡಾಡುವ ದಾರಿಗಳಲ್ಲಿ ಈ ಲೆಕ್ಕ ಪುಸ್ತಕದಲ್ಲೇ ಉಳಿಯುವುದಿಲ್ಲ. ತಳ ಒದ್ದೆಯಾಗಿ ಅಡಿಯ ಮಣ್ಣು ಮೆತ್ತಗಾದರೆ ಪದರ ಹೆಚ್ಚು ಬಾಗುತ್ತದೆ. ಆಗ ಕಾನೂನಿನೊಳಗಿನ ಭಾರವೂ ಅತಿಭಾರದ ಕೆಲಸ ಮಾಡುತ್ತದೆ.

ತಿರುಪ್ಪೂರಿನಲ್ಲಿ ಇನ್ನೊಂದು ಆತಂಕವಿದೆ: ಉಪ್ಪು. ಹತ್ತಿ ಬನಿಯನ್ನಿಗೆ ಬಣ್ಣ ಹಿಡಿಸಲು ಡೈಯಿಂಗ್ ಘಟಕಗಳು ಅಡುಗೆ ಉಪ್ಪನ್ನೋ ಸೋಡಿಯಂ ಸಲ್ಫೇಟನ್ನೋ ಹೇರಳವಾಗಿ ಬಳಸುತ್ತವೆ. ದಶಕಗಳ ಕಾಲ ಆ ನೀರು ನೊಯ್ಯಲ್ ಸೇರಿತು. ಬೇಸಾಯಕ್ಕೆಂದು ಕಟ್ಟಿ 1990ರ ದಶಕದ ಆರಂಭದಲ್ಲಿ ಮುಗಿಸಿದ ಒರತ್ತುಪ್ಪಾಳೈಯಂ ಅಣೆಕಟ್ಟೆ ಬಣ್ಣದ ನೀರಿನ ಗುಂಡಿಯಾಯಿತು. ರೈತರು ನ್ಯಾಯಾಲಯ ಹತ್ತಿದರು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚಿಸಿತು. ಆಮೇಲೆ ಒಂದು ಹನಿಯನ್ನೂ ಹೊರಬಿಡಬಾರದೆಂಬ ಕಟ್ಟಳೆಯಡಿ ಅವು ಮತ್ತೆ ತೆರೆದವು. ಆದರೆ ನೆಲದೊಳಗೆ ಇಳಿದ ಉಪ್ಪು ತೀರ್ಪಿನ ಜೊತೆಗೇ ಹೊರಟುಹೋಗುವುದಿಲ್ಲ. ಹತ್ತುವ ನೀರು ತನ್ನಲ್ಲಿ ಕರಗಿದ್ದನ್ನೆಲ್ಲ ಹೊತ್ತೇ ಹತ್ತುತ್ತದೆ. ಮೇಲೆ ಬಂದು ನೀರು ಆವಿಯಾದಾಗ ಉಪ್ಪು ಹರಳಾಗಿ ಉಳಿಯುತ್ತದೆ, ತೆಳು ಡಾಂಬರನ್ನು ಬೊಬ್ಬೆಯಂತೆ ಎತ್ತಬಲ್ಲದು. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾಗಳ ಒಣ ಸೀಮೆಯ ರಸ್ತೆಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಸಲ್ಫೇಟ್ ಇನ್ನೂ ಕೆಟ್ಟದ್ದು. ಅದು ಸಿಮೆಂಟಿನ ಸುಣ್ಣ, ಜೇಡಿಯ ಅಲ್ಯುಮಿನಾ ಹಾಗೂ ನೀರಿನ ಜೊತೆ ಸೇರಿ ಎಟ್ರಿಂಗೈಟ್ ಎಂಬ ಸೂಜಿಯಾಕಾರದ ಹರಳಾಗಿ ಬೆಳೆಯುತ್ತದೆ, ಬೆಳೆಯುತ್ತಾ ಪದರವನ್ನು ಒಳಗಿನಿಂದ ಸೀಳುತ್ತದೆ. ಸಲ್ಫೇಟ್ ನೂರಕ್ಕೆ 0.2 ಪಾಲು ಮೀರಿದ ಮಣ್ಣನ್ನು ಸಿಮೆಂಟ್ ಬೆರಕೆಗೆ ಬಳಸಬಾರದೆಂದು ನಮ್ಮ ನಿಯಮಗಳು ಹೇಳುವುದು ಈ ಕಾರಣಕ್ಕೆ. ನೊಯ್ಯಲ್ ದಂಡೆಯ ರಸ್ತೆಗಳಿಗೆ ಮಣ್ಣಿನ ಜೊತೆ ಅಂತರ್ಜಲದ ಸಲ್ಫೇಟನ್ನೂ ಅಳೆಯಬೇಕು. ಇಂದು ತಂದ ಮಣ್ಣು ಶುದ್ಧವಾಗಿರಬಹುದು, ನಾಳೆ ಹತ್ತುವ ನೀರು ಶುದ್ಧವಿರಬೇಕಲ್ಲ.

ಪರಿಹಾರಗಳು ಹಳೆಯವು, ಅಗ್ಗದವು. ಮನೆ ಕಟ್ಟುವ ಮೇಸ್ತ್ರಿ ಪಾಯದ ಮೇಲೆ ಡಿಪಿಸಿ, ಅಂದರೆ ತೇವ ತಡೆಯುವ ಪದರ, ಹಾಕದೆ ಗೋಡೆ ಎಬ್ಬಿಸುವುದಿಲ್ಲ. ಹಾಕದಿದ್ದರೆ ಗೋಡೆಯ ಬುಡದ ಗಾರೆ ಉದುರುತ್ತದೆಂದು ಅವನಿಗೆ ಗೊತ್ತು. ರಸ್ತೆಯಲ್ಲಿ ಆ ಕೆಲಸ ಮಾಡುವುದು ಒರಟು ಜಲ್ಲಿಯ ಪದರ. ಅದರ ಸಂದುಗಳು ದೊಡ್ಡವಾದ್ದರಿಂದ ನೀರಿನ ಏರಿಕೆ ಅಲ್ಲೇ ತುಂಡಾಗುತ್ತದೆ. ಆದರೆ ಎರಡು ಷರತ್ತು. ಅದರಲ್ಲಿ ನುಣುಪು ಪುಡಿ ಇರಬಾರದು. ಮತ್ತು ಆ ಪದರ ರಸ್ತೆಯ ಪೂರ್ತಿ ಅಗಲಕ್ಕೆ ಹಾಯ್ದು ಬದಿಯ ಇಳಿಜಾರಿನಲ್ಲಿ ಬಯಲಿಗೆ ತೆರೆದುಕೊಳ್ಳಬೇಕು. ಕೆಲಸ ಕೆಡುವುದು ಇಲ್ಲೇ. ಪದರವನ್ನು ಡಾಂಬರಿನ ಅಗಲಕ್ಕಷ್ಟೇ ಹಾಕಿ, ಎರಡೂ ಬದಿಗೆ ಎರೆಮಣ್ಣು ತುಂಬಿ ಮುಚ್ಚಿದರೆ ನೀರು ಹೊರಹೋಗಲಾರದೆ ತೊಟ್ಟಿಯಲ್ಲಿ ನಿಂತಂತೆ ನಿಲ್ಲುತ್ತದೆ. ಖರ್ಚು ಪೂರ್ತಿ, ಫಲ ಸೊನ್ನೆ.

ಮಣ್ಣಿನ ಹಾಸು ಸುತ್ತಲಿನ ಗರಿಷ್ಠ ನೀರಿನ ಮಟ್ಟಕ್ಕಿಂತ 0.6ರಿಂದ 1 ಮೀಟರ್ ಎತ್ತರದಲ್ಲಿರಬೇಕು ಎಂಬ ನಿಯಮವೂ ಇದೆ. ನೀರು ನಿಲ್ಲುವ, ಉಪ್ಪು ಕಾಣುವ ಜಾಗಗಳ ರಸ್ತೆಗೆಂದೇ ಐಆರ್‌ಸಿ:34 ಎಂಬ ಬೇರೆ ಮಾರ್ಗಸೂಚಿಯಿದೆ. ಎರೆಮಣ್ಣಿಗೆ ಮೊದಲು ಸುಣ್ಣ ಬೆರೆಸಿ ಅದರ ಉಬ್ಬುವ ಗುಣ ತಗ್ಗಿಸಿ ಆಮೇಲೆ ಸಿಮೆಂಟಿನ ಮಾತಾಡಬೇಕು. ಹಾಸಿದ ಪದರಕ್ಕೆ ನೀರು ಚಿಮುಕಿಸುವ ಬದಲು ಡಾಂಬರಿನ ಎಮಲ್ಷನ್ ಬಳಿದರೆ ಗಾಳಿಗೆ ಒಣಗುವುದಿಲ್ಲ. ಹನ್ನೆರಡು ಸಲ ನೆನೆಸಿ ಒಣಗಿಸಿ ನೂರಕ್ಕೆ 14ಕ್ಕಿಂತ ಹೆಚ್ಚು ಉದುರಬಾರದು ಎಂಬ ತಾಳಿಕೆಯ ಪರೀಕ್ಷೆ ನಮ್ಮ ನಿಯಮದಲ್ಲೇ ಇದೆ. ಏಳು ದಿನದ ಒತ್ತಡದ ವರದಿ ಬಂದ ಕೂಡಲೇ ಈ ತಾಳಿಕೆಯ ಪರೀಕ್ಷೆಯನ್ನು ಕೈಬಿಡಬಾರದು. ಅದರ ಪಕ್ಕಕ್ಕೆ ನೀರು ಹತ್ತುವ ಪರೀಕ್ಷೆಯೂ ಸೇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಟ್ಟೆ, ನೀರು, ಹತ್ತು ದಿನದ ತಾಳ್ಮೆ, ಒಂದು ಸಂವೇದಕ. ಯಾವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯವೂ ಮಾಡಬಹುದಾದ ಕೆಲಸ. ಕೊಳವೆ, ಕೇಬಲ್ಲಿಗೆಂದು ಈ ಪದರವನ್ನು ಕೊರೆದವರು ಮಣ್ಣೆಳೆದು ಮುಚ್ಚಿ ಹೋಗದೆ, ಸಿಮೆಂಟ್ ಬೆರಕೆಯಿಂದಲೇ ಮುಚ್ಚುವಂತೆ ಪರವಾನಗಿಯಲ್ಲೇ ಬರೆದಿರಬೇಕು.

ಇಲಾಖೆ ಮಾಡಬೇಕಾದ್ದು ಇಷ್ಟು. ಉಳಿದದ್ದು ರಸ್ತೆಯ ಪಕ್ಕ ಬದುಕುವವರ ಕೈಯಲ್ಲಿದೆ. ಅಂಗಡಿಗೆ ಗಾಡಿ ಹತ್ತಿಸಲು ಚರಂಡಿಗೆ ಮಣ್ಣು ತುಂಬಿದ್ದರೆ ತೆಗೆದು, ಕೆಳಗೆ ಕೊಳವೆ ಇಟ್ಟು ಮುಚ್ಚಿ. ತೋಟದ ಹೆಚ್ಚುವರಿ ನೀರನ್ನು ರಸ್ತೆಯ ಬದುವಿಗೆ ಬಿಡಬೇಡಿ. ಮನೆ ಮುಂದೆ ಕೊಳವೆ ಸೋರುತ್ತಿದ್ದರೆ ನಗರಸಭೆಗೋ ಪಂಚಾಯಿತಿಗೋ ಬರೆದು ಕೊಡಿ. ಹಿಂಗಾರು ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ನಿಮ್ಮೂರ ಮೋರಿಯ ಬಾಯಿ ತೆರೆದಿದೆಯೇ ಎಂದು ಒಮ್ಮೆ ಹೋಗಿ ನೋಡಿ.